ಹಿತ್ತಲಿನ ಹೆಗ್ಗಣಕ್ಕೆ ಏರ್‌ಗನ್ನೋ, ಬೋನೋ, ಪಾಷಾಣವೋ?

ಮಳೆಗಾಲ ಬಂತೆಂದರೆ ಬೆಂಗಳೂರಿನ ನೆಲಮಹಡಿ ಮನೆಯವರಿಗೆ ಹೆಗ್ಗಣದ ಕಾಟ ಜಾಸ್ತಿಯಾಗುತ್ತದೆ. ಚರಂಡಿ, ರಾಜಕಾಲುವೆ ದಂಡೆಯ ಬಿಲಗಳಿಗೆ ನೀರು ನುಗ್ಗಿದಾಗ ಅವು ಒಣ ಜಾಗ ಹುಡುಕಿಕೊಂಡು ಮೇಲೆ ಬರುತ್ತವೆ. ಬೆಳಗ್ಗೆ ನೋಡಿದರೆ ಕಾಂಪೌಂಡ್ ಬುಡದಲ್ಲಿ ಹಸಿ ಮಣ್ಣಿನ ಗುಡ್ಡೆ ಎದ್ದಿರುತ್ತದೆ. ಕಾರಿನ ಬಾನೆಟ್ ಎತ್ತಿದರೆ ವೈರ್ ಕಡಿದಿರುತ್ತದೆ.

ಎರಡು ಸಲ ಹೀಗಾದ ಮೇಲೆ ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ಒಂದು ಏರ್‌ಗನ್ ತಗೊಂಡುಬಿಡೋಣವಾ? ಯಾವುದು ಒಳ್ಳೇದು? ಗುರಿ ಹಿಡಿಯಲು ಮೇಲೊಂದು ಸ್ಕೋಪ್ (ದುರ್ಬೀನು) ಬೇಕಾ? ವಿದೇಶದ ವಿಡಿಯೊಗಳಲ್ಲಿ ಅದು ಬಹಳ ಸಲೀಸಾಗಿ ಕಾಣುತ್ತದೆ. ಆದರೆ ಅಲ್ಲಿನ ಹಿತ್ತಲು ಎಕರೆ ಲೆಕ್ಕದ್ದು. ನಮ್ಮದು 30×40 ಸೈಟು, ಅಂದರೆ ಸುಮಾರು 9 ಮೀಟರ್ ಅಗಲ, 12 ಮೀಟರ್ ಉದ್ದ. ಅದರಲ್ಲಿ ಮನೆ ಕಟ್ಟಿ ಉಳಿದದ್ದು ಹಿತ್ತಲು. ಪಕ್ಕದ ಮನೆಯ ಅಡುಗೆಮನೆ ಕಿಟಕಿ ಕೈಗೆ ಸಿಗುವಷ್ಟು ಹತ್ತಿರ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಗರದ ಒಳಗಿರುವ ಬಹುಪಾಲು ಮನೆಗಳಿಗೆ ಏರ್‌ಗನ್ ಸರಿಯಾದ ಉತ್ತರವಲ್ಲ. ಆದರೂ ಕೆಲವರಿಗೆ ಅದು ಹೊಂದುತ್ತದೆ. ಯಾರಿಗೆ, ಯಾವ ಏರ್‌ಗನ್, ಉಳಿದವರಿಗೆ ಏನು ಅನ್ನುವುದನ್ನು ಬಿಡಿಸಿ ನೋಡೋಣ.

ಏನನ್ನು ಇಟ್ಟುಕೊಂಡು ಅಳೆಯಬೇಕು

ಮೊದಲ ಪ್ರಶ್ನೆ, ಬಂದಿರುವುದು ಯಾವ ಪ್ರಾಣಿ? ನೆಲದಲ್ಲಿ ದೊಡ್ಡ ಬಿಲ, ಹೊರಗೆ ಮಣ್ಣಿನ ರಾಶಿ ಇದ್ದರೆ ಅದು ಹೆಗ್ಗಣ. ಹೆಗ್ಗಣದಲ್ಲೂ ಎರಡು ಜಾತಿ ಇವೆ. ಚಿಕ್ಕದು ಕಾಲು ಕಿಲೋ ಆಸುಪಾಸು ತೂಗುತ್ತದೆ. ದೊಡ್ಡದು ಒಂದು ಕಿಲೋ ದಾಟಬಹುದು. ಅಟ್ಟದಲ್ಲಿ, ಹೆಂಚಿನ ಕೆಳಗೆ, ತೆಂಗಿನ ಮರದಲ್ಲಿ, ಕೇಬಲ್ ಮೇಲೆ ಓಡಾಡುವುದು ಮನೆ ಇಲಿ. ಅದು ಚೆನ್ನಾಗಿ ಹತ್ತುತ್ತದೆ, ಹೆಗ್ಗಣ ಅಷ್ಟು ಹತ್ತುವುದಿಲ್ಲ. ಅಡುಗೆಮನೆ ಡಬ್ಬಿಗಳ ಹಿಂದೆ 5 ಮಿ.ಮೀ. ಉದ್ದದ ಸಣ್ಣ ಹಿಕ್ಕೆ ಕಂಡರೆ ಅದು ಪುಟ್ಟ ಇಲಿ. ಮೂತಿ ಚೂಪಾಗಿ, ಮೈಯಿಂದ ಗಬ್ಬು ವಾಸನೆ ಬರುತ್ತಾ, ಕಿಚಕಿಚ ಅನ್ನುತ್ತಾ ಗೋಡೆ ಬದಿಯಲ್ಲಿ ಓಡುವುದು ಸೊಂಡಿಲಿ. ಅದು ಇಲಿಯೇ ಅಲ್ಲ. ಜಿರಲೆ, ಹುಳ ತಿನ್ನುತ್ತದೆ, ವೈರ್ ಕಡಿಯುವುದಿಲ್ಲ. ಅದನ್ನು ಅದರ ಪಾಡಿಗೆ ಬಿಡಿ.

ಎರಡನೆಯದು ಕಾನೂನು. ನಮ್ಮ ಕಡೆಯ ಕೋತಿ, ಮುಂಗುಸಿ, ಗೂಬೆ, ಕೇರೆ ಹಾವು ಇವೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಿಂದೆ ಅದೇ ಕಾಯ್ದೆಯಲ್ಲಿ ಉಪದ್ರವ ಕೊಡುವ ಪ್ರಾಣಿಗಳ ಪಟ್ಟಿ ಒಂದಿತ್ತು. ಇಲಿಯ ಜೊತೆ ಕಾಗೆ, ಹಣ್ಣು ತಿನ್ನುವ ಬಾವಲಿಯೂ ಅದರಲ್ಲಿದ್ದವು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು. ಹಾಗಾಗಿ ಕಾಗೆ ಹೊಡೆದರೆ ಏನೂ ಆಗಲ್ಲ ಅನ್ನುವ ಹಳೆಯ ಮಾತನ್ನು ನಂಬಬೇಡಿ. ಈ ಬರಹ ಇಲಿ ಮತ್ತು ಹೆಗ್ಗಣಕ್ಕೆ ಮಾತ್ರ ಸೀಮಿತ. ಪಾರಿವಾಳದ ಕಾಟಕ್ಕೆ ಬಾಲ್ಕನಿಗೆ ಬಲೆ ಕಟ್ಟಿಸಿ, ಕೋತಿಗೆ ಅರಣ್ಯ ಇಲಾಖೆಯವರನ್ನು ಕರೆಯಿರಿ.

ಆಮೇಲೆ ಸುರಕ್ಷತೆ. ನೀವು ಆರಿಸಿದ ದಾರಿಯಿಂದ ಪಕ್ಕದ ಮನೆ ಮಗುವಿಗೆ, ಬೀದಿ ನಾಯಿಗೆ, ಬೆಕ್ಕಿಗೆ ಏನಾಗಬಹುದು? ಇದಕ್ಕೆ ಅಂಟಿಕೊಂಡೇ ಇನ್ನೊಂದು ಪ್ರಶ್ನೆ ಇದೆ. ಪ್ರಾಣಿ ತಕ್ಷಣ ಸಾಯುತ್ತದೆಯೋ, ದಿನಗಟ್ಟಲೆ ನರಳುತ್ತದೆಯೋ? ಇಲಿಗೂ ನೋವಾಗುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇರುವುದೂ ಅದಕ್ಕೇ.

ಕೊನೆಗೆ ದುಡ್ಡು, ಸಮಯ, ಮತ್ತು ಕಾಟ ನಿಜಕ್ಕೂ ನಿಲ್ಲುತ್ತದೆಯೇ ಅನ್ನುವುದು. ಜನ ಎಡವುವುದು ಹೆಚ್ಚಾಗಿ ಇಲ್ಲೇ. ಹೆಣ್ಣಿಲಿ ಗರ್ಭ ಕಟ್ಟಿದ ಮೂರು ವಾರದಲ್ಲಿ ಮರಿ ಹಾಕುತ್ತದೆ, ಒಂದೇ ಸಲಕ್ಕೆ ಆರೇಳು ಮರಿ. ಒಂದನ್ನು ಕೊಂದರೆ ಆ ಜಾಗಕ್ಕೆ ಚರಂಡಿಯಿಂದ ಇನ್ನೊಂದು ಬರುತ್ತದೆ. ಊಟ ಮತ್ತು ದಾರಿ ಎರಡೂ ಇರುವ ತನಕ ಕೊಲ್ಲುವ ಕೆಲಸ ಮುಗಿಯುವುದೇ ಇಲ್ಲ.

ಬಿಲ ಮುಚ್ಚುವುದು

ಆದ್ದರಿಂದ ಎಲ್ಲರಿಗೂ, ಯಾವ ಬಜೆಟ್ಟಿನವರಿಗೂ, ಇದೇ ಮೊದಲು. ಪುಟ್ಟ ಇಲಿ 6 ಮಿ.ಮೀ. ಸಂದಿಯಲ್ಲಿ ನುಸುಳುತ್ತದೆ. ದೊಡ್ಡ ಇಲಿಗೆ ಅರ್ಧ ಇಂಚು ಸಿಕ್ಕರೂ ಸಾಕು. ರಾತ್ರಿ ಒಳಗೆ ದೀಪ ಹಾಕಿ ಹೊರಗಿಂದ ಬಾಗಿಲ ಕೆಳಗೆ ನೋಡಿ. ಬೆಳಕು ಕಂಡ ಕಡೆ ಇಲಿಗೂ ದಾರಿ ಇದೆ. ಪೈಪು ಗೋಡೆ ಹೊಕ್ಕುವ ಜಾಗ, ಎಕ್ಸಾಸ್ಟ್ ಫ್ಯಾನಿನ ತೂತು, ವಾಷಿಂಗ್ ಮೆಷಿನ್ ನೀರು ಹೋಗುವ ಕೊಳವೆ, ಬಚ್ಚಲಿನ ಜಾಲರಿ, ಒಡೆದ ಚೇಂಬರ್ ಮುಚ್ಚಳ ಎಲ್ಲವನ್ನೂ ನೋಡಬೇಕು.

ಬರೀ ಸಿಮೆಂಟ್ ಮೆತ್ತಿದರೆ ಒಣಗುವ ಮೊದಲೇ ಕೆರೆದು ಹಾಕುತ್ತವೆ. ಒಳಗೆ ಗಾಜಿನ ಚೂರೋ ಸ್ಟೀಲ್ ಜಾಲರಿಯೋ ತುಂಬಿ ಮೇಲೆ ಗಾರೆ ಹಾಕಿಸಿ. ಗಾರೆ ಕೆಲಸದವರಿಗೆ ಇದು ಗೊತ್ತಿರುತ್ತದೆ, ಆದರೆ ನೀವಾಗಿ ಕೇಳದಿದ್ದರೆ ಮಾಡುವುದಿಲ್ಲ. ಫೋಮ್ ಸ್ಪ್ರೇ, ಥರ್ಮಾಕೋಲ್, ಬಟ್ಟೆ ಇವೆಲ್ಲ ದಂಡ. ಕಾಂಪೌಂಡ್ ಬುಡದಲ್ಲಿ ಹೆಗ್ಗಣ ತೋಡುತ್ತಿದ್ದರೆ ಒಂದಡಿ ಆಳಕ್ಕೆ ಅಗೆದು, ಗಟ್ಟಿ ಜಾಲರಿ ಇಳಿಸಿ, ಅದರ ಕೆಳತುದಿಯನ್ನು ಹೊರಗಡೆಗೆ ಮಡಚಿ ಮಣ್ಣು ಮುಚ್ಚಿ. ಗೋಡೆ ಬುಡದಲ್ಲಿ ಅಗೆಯುತ್ತಾ ಬಂದ ಹೆಗ್ಗಣಕ್ಕೆ ಆ ಮಡಿಕೆ ಅಡ್ಡ ಸಿಗುತ್ತದೆ.

ಮುಚ್ಚುವ ಮೊದಲು ಬಿಲದ ಬಾಯಿಗೆ ಪೇಪರ್ ಉಂಡೆ ತುರುಕಿಡಿ. ಬೆಳಗ್ಗೆ ಅದು ಆಚೆ ಬಿದ್ದಿದ್ದರೆ ಒಳಗೆ ಪ್ರಾಣಿ ಇದೆ. ಒಳಗಿರುವಾಗಲೇ ಮುಚ್ಚಿದರೆ ಇನ್ನೊಂದು ಕಡೆಯಿಂದ ತೋಡಿಕೊಂಡು ಬರುತ್ತದೆ, ಇಲ್ಲವೇ ಅಲ್ಲೇ ಸತ್ತು ನಾರುತ್ತದೆ. ಅದಕ್ಕೇ ಮೊದಲು ಹಿಡಿದು, ಆಮೇಲೆ ಮುಚ್ಚಿ. ಹಸಿ ಕಸದ ಬಕೆಟ್ಟಿಗೆ ಬಿಗಿ ಮುಚ್ಚಳ ಇರಲಿ. ರಾತ್ರಿಯೇ ಗೇಟಿನ ಹೊರಗೆ ಕಸ ಇಡಬೇಡಿ, ಬೆಳಗ್ಗೆ ಗಾಡಿ ಬಂದಾಗ ಕೊಡಿ. ಬೀದಿ ನಾಯಿಗೆ ಅನ್ನ ಹಾಕುವವರು, ಹಕ್ಕಿಗೆ ಕಾಳು ಹಾಕುವವರು ಹಾಕಲಿ, ಉಳಿದದ್ದನ್ನು ಕತ್ತಲಾಗುವ ಮೊದಲು ಎತ್ತಲಿ. ಇಷ್ಟಕ್ಕೆ ಖರ್ಚು ಕೆಲವು ಸಾವಿರ. ಕಾರಿನ ವೈರಿಂಗ್ ಒಂದು ಸಲ ಬದಲಿಸುವುದಕ್ಕಿಂತ ಸಾಮಾನ್ಯವಾಗಿ ಕಡಿಮೆ.

ಕೋವಿ, ರೈಫಲ್

ಬೆಂಗಳೂರಿನಲ್ಲಿ ಮಲೆನಾಡು, ಕೊಡಗಿನ ಕಡೆಯವರು ಬಹಳ ಮಂದಿ ಇದ್ದೇವೆ. ಊರಿನ ತೋಟದ ಕೋವಿ ನೋಡಿ ಬೆಳೆದವರಿಗೆ ಸಣ್ಣ .22 ರೈಫಲ್ (ನಳಿಗೆಯ ಒಳ ಅಗಲ .22 ಇಂಚು) ಅಂದರೆ ಆಟಿಕೆ ಅನ್ನಿಸಬಹುದು. ಅದು ಆಟಿಕೆ ಅಲ್ಲ. .22ರ ಸಾಮಾನ್ಯ ಗುಂಡಿಗೆ ಒಳ್ಳೆಯ ಏರ್‌ಗನ್ ಪೆಲೆಟ್‌ನ ಏಳೆಂಟು ಪಟ್ಟು ಶಕ್ತಿ ಇದೆ (ಪೆಲೆಟ್ ಅಂದರೆ ಏರ್‌ಗನ್ನಿಗೆ ಹಾಕುವ ಸಣ್ಣ ಸೀಸದ ಗುಂಡು). ಗುರಿ ತಪ್ಪಿದರೆ ಒಂದೂವರೆ ಮೈಲಿವರೆಗೂ ಹೋಗಬಲ್ಲದು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕು. ನಗರದಲ್ಲಿ ಅದನ್ನು ಕೊಡುವವರು ಪೊಲೀಸ್ ಕಮಿಷನರ್, ಮತ್ತು ಹಿತ್ತಲಿನ ಇಲಿ ಅದಕ್ಕೆ ಕಾರಣವಾಗುವುದಿಲ್ಲ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿದೆ, ನಿಜ. ಅದು ಜಯನಗರದಲ್ಲಿ ಗುಂಡು ಹೊಡೆಯಲು ಕೊಟ್ಟ ಅನುಮತಿ ಅಲ್ಲ. ನಗರದ ಮನೆಗೆ ಈ ಆಯ್ಕೆ ಇಲ್ಲ ಅಂತಲೇ ತಿಳಿಯಿರಿ.

ಏರ್‌ಗನ್: ಯಾರಿಗೆ, ಯಾವುದು

2016ರ ಶಸ್ತ್ರಾಸ್ತ್ರ ನಿಯಮಗಳು ಗಾಳಿ ಬಂದೂಕಿಗೆ ಎರಡು ಗಡಿ ಹಾಕಿವೆ. ನಳಿಗೆಯ ಒಳ ಅಗಲ .177 ಇಂಚು, ಅಂದರೆ 4.5 ಮಿ.ಮೀ. ದಾಟಬಾರದು. ಪೆಲೆಟ್ ಹೊರಬೀಳುವಾಗಿನ ಶಕ್ತಿ 20 ಜೂಲ್ ದಾಟಬಾರದು. ಇದರೊಳಗೆ ಇದ್ದರೆ ಲೈಸೆನ್ಸ್ ಬೇಡ. 5.5 ಮಿ.ಮೀ., ಅಂದರೆ .22 ಏರ್‌ರೈಫಲ್‌ಗೆ ಲೈಸೆನ್ಸ್ ಬೇಕು. ಹೊರದೇಶದ ಬರಹಗಳಲ್ಲಿ .177 ಒಳ್ಳೇದೋ .22 ಒಳ್ಳೇದೋ ಅನ್ನುವ ಚರ್ಚೆಗೆ ಕೊನೆಯೇ ಇಲ್ಲ. ನಮಗೆ ಆ ಚರ್ಚೆ ಬೇಡ, .177 ಒಂದೇ ದಾರಿ. ಖರೀದಿಸುವಾಗ ಗುರುತಿನ ಚೀಟಿ ಕೊಟ್ಟು ಬಿಲ್ ತೆಗೆದುಕೊಳ್ಳಿ. ಆ ಬಿಲ್ಲಿನಲ್ಲಿ ಕ್ಯಾಲಿಬರ್ (ನಳಿಗೆಯ ಅಳತೆ) ಬರೆದಿರಲಿ. ನಾಳೆ ಯಾರಾದರೂ ಕೇಳಿದರೆ ತೋರಿಸಲು ಅದೇ ದಾಖಲೆ.

ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಎಲ್ಲಿ ಬೇಕಾದರೂ ಹೊಡೆಯಬಹುದು ಅಂತ ಅರ್ಥವಲ್ಲ. ಅಜಾಗರೂಕತೆಯಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಇದೆ. .177 ಪೆಲೆಟ್ ಓರೆಯಾಗಿ ಮೇಲಕ್ಕೆ ಹಾರಿದರೆ 300 ಮೀಟರ್ ದೂರವೂ ಹೋಗಬಹುದು. ಹತ್ತಿರದಲ್ಲಿ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಕಾಂಕ್ರೀಟಿಗೆ, ಕಲ್ಲು ಚಪ್ಪಡಿಗೆ ಬಡಿದರೆ ಸಿಡಿದು ವಾಪಸ್ ಬರುತ್ತದೆ. ನಮ್ಮ ಹಿತ್ತಲುಗಳಲ್ಲಿ ಇರುವುದೇ ಕಾಂಕ್ರೀಟು ಮತ್ತು ಚಪ್ಪಡಿ. ಇಲಿ ಓಡಾಡುವುದು ರಾತ್ರಿ, ಗೋಡೆ ಬುಡದಲ್ಲಿ. ಗುರಿಯ ಹಿಂದೆ ಮೆತ್ತನೆ ಮಣ್ಣಿನ ಏರಿ ಇಲ್ಲ. ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ 30×40 ಸೈಟಿನಲ್ಲಿ ಸುರಕ್ಷಿತವಾಗಿ ಹೊಡೆಯುವ ಒಂದು ಕೋನವೂ ಸಿಗುವುದು ಕಷ್ಟ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಂತೂ ಯೋಚನೆಯನ್ನೇ ಮಾಡಬೇಡಿ.

ಹಾಗಾದರೆ ಯಾರಿಗೆ ಸರಿ? ಕನಕಪುರ ರಸ್ತೆಯ ಆಚೆ, ನೆಲಮಂಗಲದ ಕಡೆ, ದೇವನಹಳ್ಳಿ ಹತ್ತಿರ ಒಂದರ್ಧ ಎಕರೆ, ಒಂದು ಎಕರೆ ತೋಟ ಇಟ್ಟುಕೊಂಡವರಿಗೆ. ಸುತ್ತ ಮನೆ ಇರಬಾರದು. ಗುರಿಯ ಹಿಂದೆ ಮಣ್ಣಿನ ದಿಬ್ಬವೋ ಮರಳಿನ ಮೂಟೆಯೋ ಇರಬೇಕು. ಕೂತು ಕಾಯುವ ತಾಳ್ಮೆ, ಮೊದಲೇ ಕಾಗದದ ಗುರಿಗೆ ಹೊಡೆದು ಪಳಗಿದ ಕೈ ಇರಬೇಕು. ಅಂಥವರು ಏನು ಕೊಳ್ಳಬೇಕು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಡಿಮೆ ದುಡ್ಡಿಗೆ ಸಿಗುವುದು ಸ್ಪ್ರಿಂಗ್ ಗನ್. ನಳಿಗೆ ಮಡಚಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ. ನಮ್ಮ ದೇಶದಲ್ಲೇ ತಯಾರಾದವು ಐದಾರು ಸಾವಿರದಿಂದ ಶುರು, ನೆಚ್ಚಿಕೊಳ್ಳಬಹುದಾದದ್ದು ಬೇಕೆಂದರೆ ಹದಿನೈದು ಸಾವಿರದ ಆಸುಪಾಸು. ರಿಪೇರಿ ಸುಲಭ, ಗಾಳಿ ತುಂಬುವ ತಾಪತ್ರಯ ಇಲ್ಲ. ಆದರೆ ಸ್ಪ್ರಿಂಗ್ ಬಿಡುವಾಗ ಗನ್ ಹಿಂದಕ್ಕೂ ಮುಂದಕ್ಕೂ ಕುಪ್ಪಳಿಸುತ್ತದೆ. ಬಿಗಿಯಾಗಿ ಹಿಡಿದರೆ ಒಂದು ಕಡೆ, ಸಡಿಲ ಹಿಡಿದರೆ ಇನ್ನೊಂದು ಕಡೆ ಬೀಳುತ್ತದೆ. ಮುಂಗೈ ಮೇಲೆ ಸುಮ್ನೆ ಒರಗಿಸಿ, ಪ್ರತಿ ಸಲ ಅದೇ ಜಾಗದಲ್ಲಿ ಹಿಡಿಯುವ ಅಭ್ಯಾಸ ಬೇಕು. ಸ್ಪ್ರಿಂಗ್ ಬದಲು ಗ್ಯಾಸ್ ತುಂಬಿದ ಕೊಳವೆ ಇರುವ ಮಾದರಿಗಳು ಸ್ವಲ್ಪ ನಯ, ಬೆಲೆ ಸ್ವಲ್ಪ ಹೆಚ್ಚು.

ಪಿಸಿಪಿ ಅಂದರೆ ಸಿಲಿಂಡರಿಗೆ ಮೊದಲೇ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿಡುವ ಬಗೆ. ಕುಪ್ಪಳಿಸುವುದಿಲ್ಲ, ಸದ್ದು ಕಡಿಮೆ ಮಾಡಬಹುದು, ಹೊಸಬರೂ ಬೇಗ ಗುರಿ ಕಲಿಯುತ್ತಾರೆ. ಪ್ರಾಣಿ ನರಳದೆ ಸಾಯಬೇಕೆಂದರೆ ಇದೇ ಮೇಲು, ಯಾಕೆಂದರೆ ಇಲ್ಲಿ ಹೊಡೆಯಬೇಕಾದ ಜಾಗ ತಲೆಯಲ್ಲಿ ಒಂದೆರಡು ಸೆಂಟಿಮೀಟರ್ ಅಷ್ಟೇ. ಆದರೆ ಗನ್ನಿಗೇ ಮೂವತ್ತು ನಲವತ್ತು ಸಾವಿರ ದಾಟುತ್ತದೆ, ಪಂಪ್ ಬೇರೆ ಕೊಳ್ಳಬೇಕು. ಕೈಪಂಪಿನಲ್ಲಿ ತುಂಬುವುದು ಬೆವರಿಳಿಸುವ ಕೆಲಸ. ತಿಂಗಳಿಗೆ ನಾಲ್ಕು ಇಲಿಗಾಗಿ ಇಷ್ಟು ದುಡ್ಡು ಹಾಕಬೇಡಿ. ಗುರಿ ಹೊಡೆಯುವುದೇ ಇಷ್ಟವಾದರೆ ಆ ಮಾತು ಬೇರೆ. ಬೆಂಗಳೂರಿನಲ್ಲಿ ರಾಜ್ಯ ರೈಫಲ್ ಅಸೋಸಿಯೇಷನ್ ಇದೆ, ತರಬೇತಿ ಕೊಡುವ ಶೂಟಿಂಗ್ ಅಕಾಡೆಮಿಗಳಿವೆ. 2008ರಲ್ಲಿ ಅಭಿನವ್ ಬಿಂದ್ರಾಗೆ ಒಲಿಂಪಿಕ್ ಚಿನ್ನ ತಂದ 10 ಮೀಟರ್ ಸ್ಪರ್ಧೆಯೂ ಇದೇ 4.5 ಮಿ.ಮೀ. ಪೆಲೆಟ್‌ನದು. ಅಲ್ಲಿ ಕಲಿತ ಕೈ ತೋಟದಲ್ಲೂ ತಪ್ಪುವುದಿಲ್ಲ.

ಬದಲಾವಣೆ ಮಾಡಿಸುವ ವಿಷಯಕ್ಕೆ ಬಂದರೆ ಮೊದಲ ದುಡ್ಡು ಪೆಲೆಟ್‌ಗೆ ಹೋಗಲಿ. ಮೂರ್ನಾಲ್ಕು ಬಗೆಯ ದುಂಡನೆ ತಲೆಯ ಪೆಲೆಟ್ ತಂದು, ನಿಮ್ಮ ನಳಿಗೆಗೆ ಯಾವುದು ಒಂದೇ ಜಾಗದಲ್ಲಿ ಬೀಳುತ್ತದೆ ನೋಡಿ. ಅರ್ಧ ಗ್ರಾಂ ಚಿಲ್ಲರೆ ತೂಕದ್ದು ಸಾಮಾನ್ಯವಾಗಿ ಸಾಕು. ಚೂಪು ತುದಿಯವು ನೋಡಲು ಜೋರು, ಗುರಿಯಲ್ಲಿ ಹಿಂದೆ. ಉಕ್ಕಿನ ಗುಂಡು ಬೇಡವೇ ಬೇಡ, ಅದು ಹೆಚ್ಚು ಸಿಡಿಯುತ್ತದೆ. ಪೆಲೆಟ್ ಸೀಸದ್ದು, ಮುಟ್ಟಿದ ಮೇಲೆ ಕೈ ತೊಳೆಯಿರಿ, ಬಾಯಲ್ಲಿ ಕಚ್ಚಿಕೊಳ್ಳಬೇಡಿ.

ಸ್ಕೋಪ್ ಹಾಕಿಸುವುದಾದರೆ ಎರಡು ವಿಷಯ ಕೇಳಿ. ಸ್ಪ್ರಿಂಗ್ ಗನ್ನಿನ ಎರಡೂ ಕಡೆಯ ಹೊಡೆತ ತಡೆಯುವಂತೆ ಮಾಡಿದ್ದೇ? ಸಾಮಾನ್ಯ ರೈಫಲ್ ಸ್ಕೋಪ್ ಇದರ ಮೇಲೆ ಕೂರಿಸಿದರೆ ಬೇಗ ಹಾಳಾಗುತ್ತದೆ. 10 ಮೀಟರ್ ಹತ್ತಿರದ್ದೂ ಸ್ಪಷ್ಟವಾಗಿ ಕಾಣುತ್ತದೆಯೇ? ದೂರಕ್ಕೆ ಮಾಡಿದ ಸ್ಕೋಪಿನಲ್ಲಿ ಹತ್ತಿರದ್ದು ಮಸುಕು. ಸ್ಕೋಪ್ ನಳಿಗೆಗಿಂತ ನಾಲ್ಕೈದು ಸೆಂಟಿಮೀಟರ್ ಮೇಲಿರುವುದರಿಂದ ತೀರಾ ಹತ್ತಿರದಲ್ಲಿ ಪೆಲೆಟ್ ಗುರಿಗಿಂತ ಕೆಳಗೆ ಬೀಳುತ್ತದೆ. ನೀವು ನಿಜಕ್ಕೂ ಹೊಡೆಯುವ ದೂರಕ್ಕೇ, ಹತ್ತು ಹನ್ನೆರಡು ಮೀಟರಿಗೆ, ಹೊಂದಿಸಿಕೊಳ್ಳಿ. ಹದಿನೈದು ಮೀಟರ್ ಆಚೆಗೆ ಹೊಡೆಯಬೇಡಿ. ಒಂದು ಕಿಲೋ ತೂಗುವ ಹೆಗ್ಗಣಕ್ಕೆ ಎಲ್ಲೋ ತಾಗಿದರೆ ಅದು ಬಿಲಕ್ಕೆ ಹೋಗಿ ನಿಧಾನ ಸಾಯುತ್ತದೆ.

ಗಟ್ಟಿ ಸ್ಪ್ರಿಂಗ್ ಹಾಕಿಸಿ ಶಕ್ತಿ ಹೆಚ್ಚಿಸಿಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ಬೇಡ ಅನ್ನಿ. 20 ಜೂಲ್ ದಾಟಿದರೆ ಅದು ಲೈಸೆನ್ಸ್ ಬೇಕಾದ ಆಯುಧ. ಅದೂ ಅಲ್ಲದೆ ಕುಪ್ಪಳಿಸುವುದು ಜಾಸ್ತಿಯಾಗಿ ಗುರಿ ಕೆಡುತ್ತದೆ.

ಬೋನು ಮತ್ತು ಕಂಬಿ ಬಲೆ

ನಗರದ ಮನೆಗೆ ಬಂದೂಕಿಗಿಂತ ಚೆನ್ನಾಗಿ ಕೆಲಸ ಮಾಡುವುದು ನೂರಿನ್ನೂರು ರೂಪಾಯಿಯ ಸ್ನ್ಯಾಪ್ ಟ್ರ್ಯಾಪ್, ಅಂದರೆ ಕಂಬಿ ಬಲೆ. ಮರದ ಅಥವಾ ಪ್ಲಾಸ್ಟಿಕ್ ಹಲಗೆ, ಮೇಲೊಂದು ಕಂಬಿ. ತಿಂಡಿಗೆ ಬಾಯಿ ಹಾಕಿದರೆ ಪಟ್ ಅಂತ ಕತ್ತಿಗೆ ಬಡಿಯುತ್ತದೆ. ಸರಿಯಾದ ಅಳತೆಯದಾದರೆ ಸಾವು ಕೆಲವೇ ಕ್ಷಣದಲ್ಲಿ. ವಿಷ ಇಲ್ಲ, ಹೆಣ ಎಲ್ಲಿದೆ ಅಂತ ಹುಡುಕುವ ಪಾಡಿಲ್ಲ. ಅಂಗಡಿಯಲ್ಲಿ ಸುಮ್ನೆ ಇಲಿ ಟ್ರ್ಯಾಪ್ ಅಂದರೆ ಪುಟ್ಟದನ್ನೇ ಕೊಡುತ್ತಾರೆ. “ಅಣ್ಣ, ದೊಡ್ಡ ಇಲಿಗೆ ಬೇಕು” ಅಂತ ಬಿಡಿಸಿ ಕೇಳಿ. ಪುಟ್ಟ ಟ್ರ್ಯಾಪಿಗೆ ದೊಡ್ಡ ಇಲಿ ಸಿಕ್ಕರೆ ಕಾಲು ಮುರಿದುಕೊಂಡು ಎಳೆದುಕೊಂಡು ಹೋಗುತ್ತದೆ.

ಇಡುವ ರೀತಿಯಲ್ಲಿ ಎಲ್ಲ ಇದೆ. ಇಲಿ ಗೋಡೆಗೆ ಮೈ ತಾಗಿಸಿಕೊಂಡು ಓಡುತ್ತದೆ. ಟ್ರ್ಯಾಪನ್ನು ಗೋಡೆಗೆ ಅಡ್ಡವಾಗಿ, ತಿಂಡಿ ಇರುವ ತುದಿ ಗೋಡೆ ಕಡೆಗೆ ಬರುವಂತೆ ಇಡಿ. ಹೊಸ ವಸ್ತು ಕಂಡರೆ ಅದಕ್ಕೆ ಅನುಮಾನ. ಮೊದಲ ಮೂರ್ನಾಲ್ಕು ರಾತ್ರಿ ಕಂಬಿ ಎಳೆಯದೆ ಬರೀ ತಿಂಡಿ ಇಡಿ. ತಿಂದು ಹೋಗುವುದು ಅಭ್ಯಾಸವಾದ ಮೇಲೆ ಒಂದೇ ರಾತ್ರಿ ಐದಾರು ಟ್ರ್ಯಾಪ್ ಎಳೆದಿಡಿ. ಒಂದೇ ಒಂದು ಟ್ರ್ಯಾಪ್ ಇಟ್ಟು ವಾರಗಟ್ಟಲೆ ಕಾಯುವುದಕ್ಕಿಂತ ಇದು ಎಷ್ಟೋ ಮೇಲು. ತಿಂಡಿಗೆ ಸುಟ್ಟ ಕೊಬ್ಬರಿ ಚೂರು, ವಡೆ, ಕಡಲೆಕಾಯಿ ಬೆಲ್ಲ ಜಜ್ಜಿದ ಉಂಡೆ ಚೆನ್ನಾಗಿ ನಡೆಯುತ್ತದೆ. ಉಂಡೆಯನ್ನು ಮೆತ್ತಿ ಅಂಟಿಸಿ, ಸುಮ್ನೆ ಇಟ್ಟರೆ ಎಗರಿಸಿಕೊಂಡು ಹೋಗುತ್ತವೆ.

ಹಿತ್ತಲಲ್ಲಿ ಇಡುವಾಗ ಅಳಿಲು, ಬೆಕ್ಕು ನೆನಪಿರಲಿ. ಎರಡು ಕಡೆ ಇಲಿ ಹೋಗುವಷ್ಟು ಮಾತ್ರ ತೂತು ಇರುವ ಮರದ ಡಬ್ಬಿಯೊಳಗೆ ಇಡಿ. ಅಳಿಲು ಹಗಲಿನ ಪ್ರಾಣಿ, ಇಲಿ ರಾತ್ರಿಯದು. ಕತ್ತಲಾದ ಮೇಲೆ ಎಳೆದಿಟ್ಟು ಬೆಳಕು ಹರಿಯುವ ಮುಂಚೆ ಸಡಿಲಿಸಿದರೆ ಅರ್ಧ ಅಪಾಯ ಕಡಿಮೆ.

ತಂತಿಯ ಇಲಿಬೋನು ಎಲ್ಲರ ಮನೆಯ ಹಳೆಯ ಪರಿಚಯ. ಒಂದು ಸಲ ಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಸೊಂಡಿಲಿ, ಅಳಿಲು ಸಿಕ್ಕರೆ ಬಿಟ್ಟುಬಿಡಬಹುದು, ಅದೇ ಇದರ ದೊಡ್ಡ ಗುಣ. ಸ್ನ್ಯಾಪ್ ಟ್ರ್ಯಾಪಿಗೆ ಬಗ್ಗದ ದೊಡ್ಡ ಹೆಗ್ಗಣಕ್ಕೂ ದೊಡ್ಡ ಬೋನೇ ಬೇಕು. ಆದರೆ ಹಿಡಿದ ಮೇಲೆ ಏನು ಮಾಡುವುದು? ಲಾಲ್‌ಬಾಗಿನ ಹತ್ತಿರ, ಕೆರೆ ದಂಡೆಯಲ್ಲಿ ಬಿಟ್ಟು ಬಂದರೆ ಅಲ್ಲಿಯವರಿಗೆ ನಮ್ಮ ಕಾಟ ದಾಟಿಸಿದಂತೆ. ಬಕೆಟ್ ನೀರಿನಲ್ಲಿ ಮುಳುಗಿಸುವುದು ಬಹಳ ಮನೆಗಳಲ್ಲಿ ನಡೆದು ಬಂದಿದೆ. ಅದು ಕ್ರೂರ, ದಯವಿಟ್ಟು ಮಾಡಬೇಡಿ. ಈ ಪ್ರಶ್ನೆಗೆ ನಿಮ್ಮ ಬಳಿ ಉತ್ತರ ಇಲ್ಲದಿದ್ದರೆ ಹೆಗ್ಗಣ ಹಿಡಿಯುವ ಕೆಲಸವನ್ನು ಪೆಸ್ಟ್ ಕಂಟ್ರೋಲ್‌ನವರಿಗೆ ಬಿಡಿ. ಯಾವ ಬೋನಿಟ್ಟರೂ ಬೆಳಗ್ಗೆ ಮೊದಲ ಕೆಲಸ ಅದನ್ನು ನೋಡುವುದು. ಬಿಸಿಲಲ್ಲಿ ಬಿಟ್ಟು ಆಫೀಸಿಗೆ ಹೋಗಬೇಡಿ.

ಅಂಟಿನ ಹಲಗೆಯನ್ನು ನಾನು ಯಾರಿಗೂ ಹೇಳುವುದಿಲ್ಲ. ಅಂಟಿಕೊಂಡ ಇಲಿ ಗಂಟೆಗಟ್ಟಲೆ ಚರ್ಮ ಕಿತ್ತುಕೊಂಡು ಒದ್ದಾಡುತ್ತದೆ. ಹಲ್ಲಿ, ಹಕ್ಕಿ ಮರಿ, ಹಾವೂ ಸಿಕ್ಕಿಬೀಳುತ್ತವೆ. ಇದನ್ನು ತಡೆಯಿರಿ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೇ ರಾಜ್ಯಗಳಿಗೆ ಬರೆದಿದೆ. ಪ್ಲಗ್‌ಗೆ ಸಿಕ್ಕಿಸುವ ಅಲ್ಟ್ರಾಸಾನಿಕ್ ಯಂತ್ರಕ್ಕೂ ದುಡ್ಡು ಹಾಕಬೇಡಿ. ಇಲಿ ಆ ಸದ್ದಿಗೆ ಬೇಗ ಒಗ್ಗಿಕೊಳ್ಳುತ್ತದೆ, ಗೋಡೆ ಸೋಫಾ ದಾಟಿ ಆ ಸದ್ದು ಹೋಗುವುದೂ ಇಲ್ಲ.

ಪಾಷಾಣ

ಅಗ್ಗ, ಸುಲಭ, ಎಲ್ಲ ಕಡೆ ಸಿಗುತ್ತದೆ. ಅದಕ್ಕೇ ಜನ ಮೊದಲು ಇದನ್ನೇ ತರುತ್ತಾರೆ. ಆದರೆ ಎಲ್ಲ ಪಾಷಾಣವೂ ಒಂದೇ ಅಲ್ಲ.

ಹಳದಿ ರಂಜಕ (ಫಾಸ್ಫರಸ್) ಇರುವ ಪೇಸ್ಟ್ ಮನೆಗೆ ತರಲೇಬೇಡಿ. ನೋಡಲು ಟೂತ್‌ಪೇಸ್ಟ್ ಥರ ಇರುತ್ತದೆ, ಮಕ್ಕಳ ಕೈಗೆ ಸಿಕ್ಕರೆ ಯಕೃತ್ತನ್ನೇ ಹಾಳು ಮಾಡುತ್ತದೆ, ಮದ್ದಿಲ್ಲ. ಕಪ್ಪು ಪುಡಿಯಾಗಿ ಬರುವ ಜಿಂಕ್ ಫಾಸ್ಫೈಡ್ ಹೊಟ್ಟೆ ಸೇರಿ ವಿಷಾನಿಲ ಬಿಡುತ್ತದೆ. ಇಲಿ ಗಂಟೆಗಳಲ್ಲಿ ಸಾಯುತ್ತದೆ, ಮನುಷ್ಯ ತಿಂದರೆ ಇದಕ್ಕೂ ಪ್ರತಿವಿಷ ಇಲ್ಲ. ಹೊಲಕ್ಕೆ ಸರಿ, ಮನೆಗಲ್ಲ. ಬಿಲಕ್ಕೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಸಾಮಾನ್ಯರು ಬಳಸುವ ಹಾಗೆಯೇ ಇಲ್ಲ. ಗೋಡೆಯ ಬಿರುಕಿನಿಂದ ಆ ಅನಿಲ ಮಲಗುವ ಕೋಣೆಗೆ ನುಗ್ಗಿದರೆ ಇಡೀ ಮನೆಯವರ ಜೀವವೇ ಹೋಗಬಹುದು.

ಉಳಿದದ್ದು 0.005% ಬ್ರೋಮಾಡಿಯೋಲೋನ್ ಇರುವ ಬಿಲ್ಲೆ. ಇದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ಸಾಯಲು ಮೂರರಿಂದ ಏಳು ದಿನ. ತಡವಾಗುವುದರಿಂದ ಉಳಿದ ಇಲಿಗಳಿಗೆ ಅನುಮಾನ ಬರುವುದಿಲ್ಲ, ವಿಟಮಿನ್ ಕೆ1 ಎಂಬ ಪ್ರತಿಮದ್ದೂ ಇದೆ. ಆದರೆ ಆ ದಿನಗಳಷ್ಟೂ ಇಲಿ ಒಳಗೇ ರಕ್ತ ಸೋರಿ ನರಳುತ್ತದೆ, ಕೊನೆಗೆ ಫಾಲ್ಸ್ ಸೀಲಿಂಗ್ ಮೇಲೋ ಮಾಡ್ಯುಲರ್ ಕಿಚನ್ ಹಿಂದೋ ಸಾಯುತ್ತದೆ. ವಾಸನೆ ವಾರಗಟ್ಟಲೆ ಇರುತ್ತದೆ. ನಿಧಾನವಾದ ಆ ಇಲಿಯನ್ನು ಬೆಕ್ಕು, ಗೂಬೆ ಹಿಡಿದು ತಿಂದರೆ ವಿಷ ಅವಕ್ಕೂ ಸೇರುತ್ತದೆ. ಪುಕ್ಕಟೆಯಾಗಿ ಇಲಿ ಹಿಡಿಯುವವರನ್ನೇ ನಾವು ಕೊಲ್ಲುತ್ತೇವೆ. ಇದು ನನಗೆ ತುಂಬಾ ಸಂಕಟದ ವಿಷಯ. ಇಡಲೇಬೇಕು ಅಂದರೆ ಬೀಗ ಇರುವ ಬೈಟ್ ಸ್ಟೇಷನ್ (ಪಾಷಾಣ ಇಡುವ ಡಬ್ಬಿ) ಒಳಗೆ, ಕಂಬಿಗೆ ಕಟ್ಟಿ ಇಡಿ, ಎಷ್ಟು ಇಟ್ಟಿರಿ ಅಂತ ಬರೆದಿಡಿ. ಯಾರಾದರೂ ತಿಂದ ಅನುಮಾನ ಬಂದರೆ ವಾಂತಿ ಮಾಡಿಸುತ್ತಾ ಕೂರದೆ 108ಕ್ಕೆ ಕರೆ ಮಾಡಿ, ಪಾಷಾಣದ ಪೊಟ್ಟಣ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗಿ.

ಪೆಸ್ಟ್ ಕಂಟ್ರೋಲ್‌ನವರನ್ನು ಕರೆಯುವುದಾದರೆ ರೇಟು ಕೇಳುವ ಮೊದಲು ಬೇರೆ ಪ್ರಶ್ನೆ ಕೇಳಿ. ಕೀಟನಾಶಕ ಬಳಸಲು ಲೈಸೆನ್ಸ್ ಇದೆಯೇ? ಯಾವ ಮದ್ದು, ಎಲ್ಲಿ ಇಡುತ್ತೀರಿ? ದಾರಿ ಹುಡುಕಿ ಮುಚ್ಚುವ ಕೆಲಸ ಸೇರಿದೆಯೇ, ಬರೀ ಬಿಲ್ಲೆ ಎಸೆದು ಹೋಗುವುದೇ? ಎರಡನೇ ಭೇಟಿ ಯಾವಾಗ? ಬಾಯಿ ಬಿಟ್ಟು ಮದ್ದಿನ ಹೆಸರು ಹೇಳದವರನ್ನು ಗೇಟಿನಿಂದಲೇ ಕಳಿಸಿ.

ನಿಮ್ಮ ಮನೆಗೆ ಯಾವುದು

ಬಾಡಿಗೆ ಮನೆಯಲ್ಲಿ, ಕೈಯಲ್ಲಿ ಸಾವಿರ ರೂಪಾಯಿ ಇದ್ದರೆ ನಾಲ್ಕೈದು ಸ್ನ್ಯಾಪ್ ಟ್ರ್ಯಾಪ್, ಬಾಗಿಲ ಕೆಳಗೆ ರಬ್ಬರ್ ಪಟ್ಟಿ, ಒಂದಿಷ್ಟು ಸ್ಟೀಲ್ ಜಾಲರಿ ತನ್ನಿ. ಗಾರೆ ಕೆಲಸದ ಖರ್ಚನ್ನು ಮಾಲೀಕರ ಹತ್ತಿರ ಕೇಳಿ. ಹೆಗ್ಗಣ ಪಾಯದ ಮಣ್ಣು ಸಡಿಲ ಮಾಡುವುದರಿಂದ ನಷ್ಟ ಅವರದೇ.

30×40ರ ಸ್ವಂತ ಮನೆ, ಹಿತ್ತಲಲ್ಲಿ ಹೆಗ್ಗಣ ಅಂದರೆ ದುಡ್ಡಿನ ಮುಕ್ಕಾಲು ಪಾಲು ಜಾಲರಿ, ಗಾರೆ, ಚೇಂಬರ್ ಮುಚ್ಚಳಕ್ಕೆ ಹೋಗಲಿ. ಉಳಿದದ್ದರಲ್ಲಿ ದೊಡ್ಡ ಟ್ರ್ಯಾಪ್, ಹೆಗ್ಗಣ ಅದಕ್ಕೂ ಬಗ್ಗದಿದ್ದರೆ ದೊಡ್ಡ ಬೋನು. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಹೆಂಚು, ಅಟ್ಟ, ತೆಂಗಿನ ಮರ ಇದ್ದರೆ ಕಾಟ ಮೇಲಿಂದ ಬರುತ್ತದೆ. ಮರಕ್ಕೆ ಆಳೆತ್ತರದಲ್ಲಿ ನಯವಾದ ತಗಡಿನ ಪಟ್ಟಿ ಸುತ್ತಿಸಿ, ಸೂರಿಗೆ ತಾಗುವ ಕೊಂಬೆ, ಗರಿ ಕಡಿಸಿ, ಟ್ರ್ಯಾಪನ್ನು ಅಟ್ಟದ ತೊಲೆ ಮೇಲೆ ಕಟ್ಟಿ. ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಏನು ಮಾಡಿದರೂ ಸಾಲದು. ಕಸದ ಕೋಣೆ, ಡಕ್ಟ್, ಬೇಸ್‌ಮೆಂಟ್ ಮೂರನ್ನೂ ಸಂಘದವರು ಒಟ್ಟಿಗೆ ನೋಡಬೇಕು. ಅಲ್ಲಿಯವರೆಗೆ ಕಾರನ್ನು ದಿನಾ ಓಡಿಸಿ, ಒಂದೇ ಕಡೆ ವಾರಗಟ್ಟಲೆ ನಿಲ್ಲಿಸಬೇಡಿ.

ಪುಟ್ಟ ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಪಾಷಾಣ ಇಲ್ಲವೇ ಇಲ್ಲ, ಟ್ರ್ಯಾಪ್ ಡಬ್ಬಿಯೊಳಗೆ ಮಾತ್ರ.

ತೋಟದವರಿಗೆ ಏರ್‌ಗನ್ ಕೊಳ್ಳುವ ಮುಂಚೆ ಒಂದು ಮಾತು. ತೋಟದಲ್ಲಿ ಕೇರೆ ಹಾವು ಓಡಾಡುತ್ತಿದ್ದರೆ, ಸಂಜೆ ಗೂಬೆ ಕೂಗುತ್ತಿದ್ದರೆ ಅವಕ್ಕೆ ತೊಂದರೆ ಮಾಡದಿರುವುದೇ ಮೊದಲ ಹೆಜ್ಜೆ. ಆಮೇಲೂ ಬೇಕೆನಿಸಿದರೆ ಹದಿನೈದು ಸಾವಿರದ ಆಸುಪಾಸಿನ .177 ಸ್ಪ್ರಿಂಗ್ ಗನ್, ಗಟ್ಟಿ ಸ್ಕೋಪ್, ಮರಳಿನ ಮೂಟೆ. ಹತ್ತು ಮೀಟರಿನಲ್ಲಿ ಹತ್ತಕ್ಕೆ ಹತ್ತೂ ಪೆಲೆಟ್ ಎರಡು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬೀಳುವವರೆಗೆ ಕಾಗದಕ್ಕೇ ಹೊಡೆಯಿರಿ. ಮನೆಯಲ್ಲಿ ಗನ್ ಒಂದು ಬೀರುವಿನಲ್ಲಿ, ಪೆಲೆಟ್ ಇನ್ನೊಂದರಲ್ಲಿ, ಎರಡಕ್ಕೂ ಬೀಗ ಇರಲಿ.

ಯಾವುದರಿಂದ ಸತ್ತಿದ್ದರೂ ಹೆಣವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇಲಿ ಜ್ವರ ಅದರ ಉಚ್ಚೆಯಿಂದ ಬರುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಕೈಗವಸು ಹಾಕಿ, ಎರಡು ಕವರಿನಲ್ಲಿ ಕಟ್ಟಿ. ಹಿಕ್ಕೆಯನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಒಂದು ಪಾಲು ಬ್ಲೀಚ್‌ಗೆ ಹತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಐದು ನಿಮಿಷ ಬಿಟ್ಟು ಒರೆಸಿ ತೆಗೆಯಿರಿ. ಎರಡು ವಾರ ಆದ ಮೇಲೆ ಗೋಡೆ ಬುಡದಲ್ಲಿ ತೆಳ್ಳಗೆ ರಾಗಿ ಹಿಟ್ಟು ಉದುರಿಸಿ ಮಲಗಿ. ಬೆಳಗ್ಗೆ ಹೆಜ್ಜೆ ಗುರುತು ಕಂಡರೆ ಇನ್ನೂ ಒಂದು ದಾರಿ ತೆರೆದಿದೆ, ಗುರುತು ಹಿಡಿದುಕೊಂಡು ಹೋಗಿ ಅದನ್ನು ಹುಡುಕಿ ಮುಚ್ಚಿಸಿ.